ರಾಗಿ ಡ್ರಮ್ಮಿನಲ್ಲಿ ಬಚ್ಚಿಟ್ಟ ವೈರು

ಪಿಲ್ಲಗುಂಪೆಯ ಕೇಬಲ್ ಫ್ಯಾಕ್ಟರಿಯಲ್ಲಿ ಶಶಿರೇಖಾಳದು ಟೆಸ್ಟಿಂಗ್ ಕೆಲಸ. ಲಾರಿ, ಟ್ರ್ಯಾಕ್ಟರುಗಳ ಹೊಟ್ಟೆಯೊಳಗೆ ಹೋಗುವ ವೈರಿನ ಕಟ್ಟು ಅವಳ ಮೇಜಿಗೆ ಬರುತ್ತದೆ. ಎರಡೂ ತುದಿಯನ್ನು ಬೋರ್ಡಿಗೆ ಸಿಕ್ಕಿಸಿ ನೋಡಬೇಕು. ದೀಪಗಳೆಲ್ಲ ಹಸಿರು ಹತ್ತಿದರೆ ಬಲಗಡೆ ಟ್ರೇಗೆ, ಒಂದು ಹತ್ತದಿದ್ದರೂ ಎಡಗಡೆಗೆ. ಹನ್ನೊಂದು ವರ್ಷದಿಂದ ಅದೇ ಮೇಜು, ಅದೇ ಸ್ಟೂಲು. ಅವಳು ಪಾಸು ಮಾಡಿದ ಮಾಲು ವಾಪಸು ಬಂದದ್ದಿಲ್ಲ ಎಂಬ ಹೆಸರೂ ಇತ್ತು.

ಆಷಾಢದ ಒಂದು ಬೆಳಗ್ಗೆ ಸೂಪರ್‌ವೈಸರ್ ಅಮರ್ ಪ್ಲಾಸ್ಟಿಕ್ ಕವರೊಂದನ್ನು ತಂದು ಅವಳ ಮುಂದಿಟ್ಟ.

"ಶಶಿ ಮೇಡಂ, ಇದು ವಾಪಸ್ ಬಂದೈತೆ. ಇನ್ನೊಂದ್ ಶಿಫ್ಟ್‌ನೋರು ಟೆಸ್ಟ್ ಮಾಡಿ ಹತ್ತು ಸ್ಯಾಂಪಲ್ ಕಳಿಸಿದ್ರು. ಹತ್ತೂ ಕೆಲಸ ಮಾಡ್ತಿಲ್ವಂತೆ. ನಮ್ ಬೋರ್ಡ್‌ನಲ್ಲಿ ನೋಡಿದ್ರೆ ಎಲ್ಲಾ ಹಸಿರೇ. ಸ್ವಲ್ಪ ನೋಡಿ."

ಕವರಿನೊಳಗೆ ಎರಡು ಮೊಳ ಉದ್ದದ ಬೂದು ಬಣ್ಣದ ವೈರುಗಳಿದ್ದವು. ಪ್ರತಿ ತುದಿಗೂ ಹುಣಸೆಬೀಜದಷ್ಟು ಅಗಲದ ಪ್ಲಗ್ಗು, ಒಳಗೆ ಮೂರರ ಕೆಳಗೆ ಮೂರು, ಒಟ್ಟು ಆರು ಪಿನ್ನು. ಶಶಿರೇಖಾ ಕವರಿಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

"ಏನಕ್ಕೆ ಸಾರ್ ಈ ವೈರು?" ಎಂದಳು, ಗೊತ್ತಿದ್ದೂ.

"ಲಿಂಕ್ ಕೇಬಲ್ ಅಂತಾರೆ. ನಾವು ಚಿಕ್ಕೋರಿದ್ದಾಗ ಕೈಯಲ್ಲಿ ಹಿಡ್ಕೊಂಡು ಆಡೋ ಗೇಮ್ ಬರ್ತಿತ್ತಲ್ಲ, ಶೆಲ್ ಹಾಕೋದು? ಅಂಥವು ಎರಡನ್ನ ಸೇರ್ಸಕ್ಕೆ. ಇಬ್ರು ಒಟ್ಟಿಗೆ ಆಡ್ಬೋದು. ಈಗ ಹಳೇ ಗೇಮ್‌ಗಳಿಗೆ ಬೆಂಗಳೂರಲ್ಲಿ ಮುಗಿಬೀಳ್ತಾವ್ರೆ. ಮುನ್ನೂರು ಪೀಸ್ ಆರ್ಡರು. ಪಾರ್ಟಿ ಹನ್ನೊಂದ್ ಗಂಟೆಗೆ ಬರ್ತಾರೆ, ನೀವೇ ಮಾತಾಡಿ."

ಅಂಥ ವೈರನ್ನು ಶಶಿರೇಖಾ ಕೊನೆಯ ಸಲ ಮುಟ್ಟಿ ಇಪ್ಪತ್ತೆರಡು ವರ್ಷವಾಗಿತ್ತು.

ಜಡಿಗೇನಹಳ್ಳಿಯ ಅವರ ಮನೆಗೆ ಆ ಆಟ ಬಂದದ್ದು ಕುವೈತಿನಿಂದ. ಅಲ್ಲಿ ಡ್ರೈವರಾಗಿದ್ದ ಸೋದರಮಾವ ಅವಳಿಗೆ ಒಂದು ಸೆಂಟಿನ ಬಾಟಲಿ, ತಮ್ಮ ಸಿದ್ದರಾಜುವಿಗೆ ಆ ಮಷಿನ್ನು ತಂದುಕೊಟ್ಟಿದ್ದ. ಸಿದ್ದುವಿಗೆ ಆಗ ಹತ್ತು, ಅವಳಿಗೆ ಹದಿಮೂರು. ಪಕ್ಕದ ಬೀದಿಯ ಸೊಣ್ಣಮ್ಮ ಗಂಡನಿಲ್ಲದ ಹೆಂಗಸು, ಸೊಪ್ಪು ಮಾರಿ ಬದುಕುತ್ತಿದ್ದಳು. ಅವಳ ಒಬ್ಬನೇ ಮಗ ಕೆಂಪರಾಜು ಸಿದ್ದುಗಿಂತ ಒಂದು ವರ್ಷ ದೊಡ್ಡವನು. ಸಿದ್ದುವಿನ ಕೈಯಲ್ಲಿ ಮಷಿನ್ನು ಕಂಡ ದಿನದಿಂದ ತಾಯಿಯ ಸೆರಗು ಹಿಡಿದು ಕಾಡಿ, ಬೆಂಗಳೂರಿನ ಬರ್ಮಾ ಬಜಾರಿನಿಂದ ಅಂಥದೇ ಒಂದು ಹಳೆಯದನ್ನು ತರಿಸಿಕೊಂಡ. ಅದರ ಜೊತೆಗೆ ಬಂದದ್ದು ಆ ವೈರು. ಆಮೇಲೆ ಹುಡುಗರಿಬ್ಬರಿಗೂ ಊಟ ನಿದ್ದೆ ಬೇಡವಾಯಿತು. ನಡುಮನೆಯಲ್ಲಿ ಎದುರುಬದುರು ಕೂತು, ನಡುವೆ ವೈರು ಸಿಕ್ಕಿಸಿಕೊಂಡರೆ, ಒಬ್ಬ ಹಿಡಿದು ಸಾಕಿದ ಕಾಡುಪ್ರಾಣಿ ಇನ್ನೊಬ್ಬನ ಪ್ರಾಣಿಯ ಮೇಲೆ ಬೀಳುತ್ತಿತ್ತು. ಸೋತವನು ತನ್ನದನ್ನು ಕೊಟ್ಟುಬಿಡಬೇಕು. ವೈರಿನೊಳಗೇ ಪ್ರಾಣಿ ಹರಿದು ಆಕಡೆ ಹೋಗುತ್ತದೆ ಎಂದು ಸಿದ್ದು ನಂಬಿದ್ದ. ಹೋಗುವಾಗ ಬೆರಳಿಟ್ಟರೆ ಗೊತ್ತಾಗುತ್ತೆ ಎಂದು ಅಕ್ಕನ ಬೆರಳನ್ನೂ ಒಮ್ಮೆ ಇಡಿಸಿದ್ದ.

ಅಷ್ಟರ ಹೊರತು ಅವಳನ್ನು ಅವರು ಸೇರಿಸಿಕೊಳ್ಳಲಿಲ್ಲ. "ಒಂದೇ ಒಂದ್ ಸಲ ಕೊಡ್ರೋ" ಎಂದರೆ, "ಎರಡೇ ಮಷಿನ್ ಕಣಕ್ಕ, ಇಬ್ರೇ ಆಡೋದು" ಎಂದು ತಲೆಯೆತ್ತದೆ ಹೇಳುತ್ತಿದ್ದರು.

ಬೇಸಿಗೆ ರಜ. ಅಮ್ಮ ಮುನಿವೆಂಕಟಮ್ಮ, ಅಪ್ಪ ವೆಂಕಟರಾಯಪ್ಪ ಇಬ್ಬರೂ ತೋಟದಲ್ಲಿದ್ದರು. ಬೆಳಗ್ಗೆ ಪಾತ್ರೆ ತೊಳೆದು ಒಳಗೆ ಬಂದ ಶಶಿರೇಖಾ, ಮೂಲೆಯಲ್ಲಿ ಸುತ್ತಿಟ್ಟಿದ್ದ ವೈರನ್ನು ನೋಡಿದಳು. ಅದನ್ನೆತ್ತಿ ರಾಗಿ ಡ್ರಮ್ಮಿನೊಳಗೆ ಮೊಳಕೈವರೆಗೆ ಕೈ ತೂರಿಸಿ ಹೂತಿಟ್ಟಳು. ಸಂಜೆಗೆ ಕೊಟ್ಟರಾಯಿತು, ಒಂದು ದಿನ ಒದ್ದಾಡಲಿ ಎಂದಷ್ಟೇ ಅವಳ ಮನಸ್ಸಿನಲ್ಲಿದ್ದದ್ದು.

ಸಿದ್ದು ಮನೆಯೆಲ್ಲ ಜಾಲಾಡಿದ. "ಅಕ್ಕಾ, ವೈರ್ ನೋಡ್ದಾ?"

"ನಂಗೇನ್ ಗೊತ್ತು? ನಿಮ್ ಆಟ, ನಿಮ್ ವೈರು."

ಸ್ವಲ್ಪ ಹೊತ್ತು ಹುಡುಗರು ಜಗಲಿಯ ಮೇಲೆ ಕಾಲು ಆಡಿಸುತ್ತ ಕೂತಿದ್ದರು. ಆಮೇಲೆ ಸಿದ್ದು "ಹೋಗಣ ಬಾರೋ" ಎಂದದ್ದು ಕಿಟಕಿಯ ಬಳಿಯಿದ್ದ ಅವಳಿಗೆ ಕೇಳಿಸಿತು, ಇಬ್ಬರೂ ಎದ್ದು ಹೋದದ್ದನ್ನು ನೋಡಿದಳು. ಊರಾಚೆ ಇಟ್ಟಿಗೆ ಗೂಡಿನವರು ಮಣ್ಣು ತೆಗೆದ ಹೊಂಡವಿತ್ತು. ಹಿಂದಿನ ವಾರದ ಮಳೆಗೆ ತುಂಬಿಕೊಂಡಿತ್ತು. ಕೆಂಪರಾಜುವಿಗೆ ಈಜು ಬರುತ್ತಿತ್ತು. ಸಿದ್ದುವಿಗೆ ಬರುತ್ತಿರಲಿಲ್ಲ.

ಮಧ್ಯಾಹ್ನ ಕೆಂಪರಾಜು ಒದ್ದೆ ಚಡ್ಡಿಯಲ್ಲಿ, ಬಾಯಿಂದ ಮಾತು ಹೊರಡದೆ ಓಡಿಬಂದ. ಸಿದ್ದುವನ್ನು ಮೇಲೆತ್ತುವಷ್ಟರಲ್ಲಿ ಎಲ್ಲ ಮುಗಿದಿತ್ತು. ವೆಂಕಟರಾಯಪ್ಪ ಬಾರುಕೋಲು ಹಿಡಿದು ನಡುಬೀದಿಯಲ್ಲಿ ಆ ಹುಡುಗನಿಗೆ ಬಾರಿಸಿದ. "ಯಾರ್ಲಾ ಕರ್ಕೊಂಡ್ ಹೋಗಿದ್ದು? ಹೇಳ್ಲಾ!"

"ಸಿದ್ದೂನೇ ಹೋಗಣ ಅಂದ" ಎಂದ ಹುಡುಗ. ತಪ್ಪನ್ನು ಸತ್ತವನ ಮೇಲೆ ಹಾಕುತ್ತಾನೆಂದು ಇನ್ನಷ್ಟು ಏಟು ಬಿದ್ದವು. ಸೊಣ್ಣಮ್ಮ ಅಡ್ಡ ಬರಲಿಲ್ಲ. ಶಶಿರೇಖಾ ಬಾಗಿಲ ಹಿಂದೆ ನಿಂತಿದ್ದಳು. ಬಾಯಿ ತೆರೆಯಬೇಕೆಂದು ಎರಡು ಸಲ ಹೊಸ್ತಿಲವರೆಗೆ ಬಂದಳು. ಆದರೆ ಅಪ್ಪನ ಕೈಯ ಕೋಲು ನೋಡಿ ಹಿಂದೆ ಸರಿದಳು.

ತಿಥಿಗೆ ರಾಗಿ ತೆಗೆಯುತ್ತಾರೆ ಎಂದು ಗೊತ್ತಾದ ದಿನ ಅವಳು ಆ ವೈರನ್ನು ಹೊರತೆಗೆದು ಬಚ್ಚಲ ಒಲೆಗೆ ಹಾಕಿದಳು. ಕರಿಹೊಗೆ ಎದ್ದಿತು. "ಏನೇ ಅದು ಸುಟ್ಟ ವಾಸ್ನೆ?" ಎಂದು ಅಮ್ಮ ಒಳಗಿನಿಂದ ಕೇಳಿದಳು. "ಪ್ಲಾಸ್ಟಿಕ್ ಕವರಮ್ಮ" ಎಂದಳು. ಆ ವರ್ಷವೇ ಸೊಣ್ಣಮ್ಮನ ಸೊಪ್ಪನ್ನು ಊರಲ್ಲಿ ಕೊಳ್ಳುವವರಿಲ್ಲವಾಯಿತು. ತಾಯಿ ಮಗ ಹೊಸಕೋಟೆಗೆ ಹೋದರು. ಅವರ ಸುದ್ದಿ ಎತ್ತಿದಾಗಲೆಲ್ಲ ಊರಿನವರು "ಪುಟ್ಟ ಮಗೂನ ನೀರಿಗಿಳಿಸ್ದೋನು" ಎಂದೇ ಗುರುತು ಹೇಳುತ್ತಿದ್ದರು.

ಹನ್ನೊಂದು ಗಂಟೆಗೆ ಬಂದ ಪಾರ್ಟಿ, ಬೆನ್ನಿಗೆ ಕಪ್ಪು ಬ್ಯಾಗು ಹಾಕಿದ ಸಣಕಲು ಮನುಷ್ಯ. ಮೂವತ್ತಮೂರಕ್ಕೇ ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಬ್ಯಾಗಿನಿಂದ ಹಳೆಯ ಮಷಿನ್ನು ಎರಡು ತೆಗೆದು ಮೇಜಿನ ಮೇಲಿಟ್ಟು, "ನೋಡಿ ಮೇಡಂ, ನಿಮ್ ವೈರ್ ಹಾಕಿದ್ರೆ ಒಂದಕ್ಕೊಂದು..." ಎಂದು ತಲೆಯೆತ್ತಿದವನು ಅಲ್ಲಿಗೇ ನಿಂತ. ಎಡಹುಬ್ಬಿನ ಮೇಲೆ ಬಾರುಕೋಲಿನ ಗುರುತು ಹಾಗೆಯೇ ಇತ್ತು.

"ಶಶಿ ಅಕ್ಕ" ಎಂದ ಕೆಂಪರಾಜು.

ಅಮರ್ ಇಬ್ಬರನ್ನೂ ನೋಡಿ, "ಪರಿಚಯಾನಾ? ಒಳ್ಳೇದಾಯ್ತು" ಎಂದು ಇನ್ನೊಂದು ಲೈನಿನ ಕಡೆ ಹೋದ.

ಕೆಂಪರಾಜು ಬೇಗ ಸಾವರಿಸಿಕೊಂಡ. ದೃಷ್ಟಿಯನ್ನು ವೈರಿನ ಮೇಲಿಟ್ಟುಕೊಂಡೇ ಮಾತಾಡಿದ. "ನಿಮ್ಮೋರು ನೇರ ಕೊಟ್ಟಿದಾರೆ, ಎರಡನೇ ಪಿನ್ನಿಗೆ ಎರಡನೇದು, ಮೂರನೇದಕ್ಕೆ ಮೂರನೇದು. ಹಂಗ್ ಕೊಟ್ರೆ ಎರಡೂ ಮಷಿನ್ನು ಒಂದೇ ತಂತೀಲಿ ಮಾತಾಡ್ತವೆ, ಕೇಳೋದು ಯಾವ್ದೂ ಇರಲ್ಲ. ಅದ್ಕೆ ಎರಡನೇದು ಮೂರನೇದನ್ನ ಅಡ್ಡ ಹಾಕ್ಬೇಕು."

ಅವಳು ತಾನೇ ಒಂದನ್ನು ಬಿಚ್ಚಿ, ಪಿನ್ನು ಬದಲಿಸಿ ಬೆಸುಗೆ ಹಾಕಿ ಕೊಟ್ಟಳು. ಅವನು ಸಿಕ್ಕಿಸಿ ಎರಡೂ ಮಷಿನ್ನಿನ ಗುಂಡಿ ಒತ್ತಿದ. ಎರಡರ ಪರದೆಯೂ ಒಂದೇ ಸಲ ಬದಲಾಯಿತು. "ಸರಿ ಹೋಯ್ತು" ಎಂದ. ಹೊಸಕೋಟೆಯ ಹಳೇ ಬಸ್ ಸ್ಟ್ಯಾಂಡಿನ ಹಿಂದೆ ಅವನದೊಂದು ಅಂಗಡಿಯಂತೆ, ಹಳೇ ಗೇಮು ರಿಪೇರಿ ಮಾಡಿ ಕೊರಿಯರಿನಲ್ಲಿ ಕಳಿಸುತ್ತಾನಂತೆ. ಮದುವೆಯಾಗಿದೆಯಾ ಎಂದು ಕೇಳಿದ್ದಕ್ಕೆ, "ಹೆಣ್ ಕೇಳಕ್ ಹೋದ ಕಡೆಯೆಲ್ಲ ಯಾರಾದ್ರೂ ನಮ್ಮೂರಿನೋರು ಇದ್ದೇ ಇರ್ತಾರಕ್ಕ" ಎಂದು ಮಷಿನ್ನು ಬ್ಯಾಗಿಗೆ ಹಾಕಿಕೊಂಡ. ಆ ಮಾತಿನಲ್ಲಿ ಸಿಟ್ಟು ಸಹ ಇರಲಿಲ್ಲ.

ಆ ವಾರ ಶಶಿರೇಖಾಳ ಕೈ ಎರಡು ಸಲ ತಪ್ಪಿತು. ಹಸಿರು ಹತ್ತದ ಕಟ್ಟು ಬಲಗಡೆ ಟ್ರೇಗೆ ಹೋಗಿತ್ತು. ಭಾನುವಾರ ಸಂತೆಗೆಂದು ಹೇಳಿ ಹೊರಟು, ಅವನ ಅಂಗಡಿಯ ಮುಂದೆ ನಿಂತಳು.

ಕೆಂಪರಾಜು ಭೂತಗನ್ನಡಿ ಹಿಡಿದು ಒಂದು ಮಷಿನ್ನಿನ ತುಕ್ಕು ಕೆರೆಯುತ್ತಿದ್ದ. ಅವಳು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಎನಿಸಿತು.

"ಅವತ್ತು ವೈರ್ ಕಳೆದುಹೋಗಿರ್ಲಿಲ್ಲ ಕೆಂಪ. ನಾನು ಬಚ್ಚಿಟ್ಟಿದ್ದೆ. ರಾಗಿ ಡ್ರಮ್ಮಲ್ಲಿ."

ಅವನು ಕೆರೆಯುವುದನ್ನು ನಿಲ್ಲಿಸಿದ. ಹೊರಗೆ ಟೊಮೆಟೊ ಗಾಡಿಯವನು ಕೂಗಿಕೊಂಡು ಹೋದ. ಕೆಂಪರಾಜು ಭೂತಗನ್ನಡಿಯನ್ನು ಕೆಳಗಿಟ್ಟ.

"ನಾನು ಹಿಂದಿನ ಸಂಜೆ ಜೇಬಿಗ್ ಹಾಕ್ಕೊಂಡು ಎಲ್ಲೋ ಬೀಳಿಸ್ಕೊಂಡೆ ಅನ್ಕೊಂಡಿದ್ದೆ" ಎಂದ. "ದಾರಿಯೆಲ್ಲಾ ಹುಡುಕಿದೀನಿ. ಅವನು ಸತ್ ಮ್ಯಾಲೂ ಹುಡುಕಿದೀನಿ. ಮೈಯೆಲ್ಲಾ ಬಾಸುಂಡೆ, ಬೇಲಿ ಸಂದೀಲಿ ಕೈ ಹಾಕಿ ಹುಡುಕ್ತಿದ್ದೆ. ಅದು ಸಿಕ್ಬಿಟ್ರೆ ಏನೋ ಆಗೋಗುತ್ತೆ ಅಂತ."

"ನಂದೇ ತಪ್ಪು."

"ಈಗ್ ಯಾಕ್ ಹೇಳ್ದೆ?" ಅವನ ದನಿ ಏರಿತು. "ನಿನ್ ಎದೆ ಹಗುರ ಮಾಡ್ಕೊಳಕ್ಕಾ? ನಿಮ್ಮಪ್ಪ ಹೊಡೆಯುವಾಗ ಬಾಗ್ಲಲ್ಲೇ ಇದ್ದೆ ನೀನು. ನಿನ್ ಲಂಗ ಕಾಣ್ತಿತ್ತು ನಂಗೆ."

ಅವಳು ಅಳಲಿಲ್ಲ. ಅಳುವ ಹಕ್ಕು ತನಗಿಲ್ಲ ಅನ್ನಿಸಿತು. ಅವನೇ ಕೊನೆಗೆ ಉಸಿರು ಬಿಟ್ಟು ಹೇಳಿದ: "ಊರೋರು ಅಂದ್ರು, ಹೋಗ್ಲಿ. ನಮ್ಮಮ್ಮಾನೂ ನನ್ ಮಾತು ನಂಬ್ಲಿಲ್ಲ. ಇಪ್ಪತ್ತೆರಡು ವರ್ಷ ಊಟಕ್ಕಿಕ್ಕಿದಾಳೆ, ಮಕ ಎತ್ತಿ ನೋಡಿಲ್ಲ. ನಂಗ್ ಹೇಳಿ ಏನ್ ಪ್ರಯೋಜ್ನ? ಅವಳಿಗ್ ಹೇಳು."

"ಹೇಳ್ತೀನಿ. ಮೊದ್ಲು ನಮ್ಮಮ್ಮಂಗ್ ಹೇಳ್ಬೇಕು. ಒಂದ್ ವಾರ ತಡಿ."

ಅಪ್ಪ ತೀರಿಕೊಂಡು ಆರು ವರ್ಷವಾಗಿತ್ತು. ಶಶಿರೇಖಾಳ ಗಂಡ ಮುನಿರಾಜ್ ಮನೆ ಅಳಿಯನಾಗಿ ಬಂದವನು, ಸ್ಕೂಲ್ ವ್ಯಾನು ಓಡಿಸುತ್ತಿದ್ದ. ಮಗಳು ಸಿಂಚನ ಐದನೇ ಕ್ಲಾಸು. ಅವರಿಬ್ಬರೂ ಇಲ್ಲದ ಹೊತ್ತು ನೋಡಿ, ನುಗ್ಗೆಸೊಪ್ಪು ಬಿಡಿಸುತ್ತಿದ್ದ ಅಮ್ಮನ ಮುಂದೆ ಕೂತು ಎಲ್ಲವನ್ನೂ ಹೇಳಿದಳು. ಮುನಿವೆಂಕಟಮ್ಮನ ಬೆರಳು ನಿಲ್ಲಲಿಲ್ಲ. ಕಡ್ಡಿಯಿಂದ ಎಲೆ ಜಾರಿಸುತ್ತಲೇ ಇದ್ದಳು.

"ಇನ್ಯಾರಿಗ್ ಹೇಳಿದೀಯ?"

"ಕೆಂಪಂಗೆ."

"ಅಲ್ಲಿಗೇ ಬಿಡು. ಸತ್ತೋನು ಸತ್ತ. ನಂಗ್ ಉಳ್ದಿರೋಳು ನೀನೊಬ್ಳು. ಇನ್ನೊಬ್ರ ಹತ್ರ ಬಾಯ್ ಬಿಡ್ಬೇಡ."

"ಅಮ್ಮಾ, ಅವನ್ ಬಾಳೇ ಹಾಳಾಗೈತೆ. ಸೊಣ್ಣಕ್ಕ..."

"ಸೊಣ್ಣಿ ಮಗ ಬದುಕವ್ನೆ" ಎಂದಳು ಮುನಿವೆಂಕಟಮ್ಮ. ಆಗ ಅವಳ ಕೈ ನಿಂತಿತು. "ನಿಮ್ಮಪ್ಪ ಆ ಹುಡುಗನ್ನ ಹೊಡೆದು ಸಂಕಟ ತೀರಿಸ್ಕೊಂಡ. ನಾನು ಏನ್ ಮಾಡಿದೀನಿ ಗೊತ್ತಾ? ದಿನಾ ಬೆಳಗ್ಗೆ ದೀಪ ಹಚ್ಚಿ ಅವಳಿಗೆ ಶಾಪ ಹಾಕಿದೀನಿ. ಹಂಗ್ ಹಾಕಿ ಹಾಕಿ ಬದುಕಿದೀನಿ. ಈಗ ಅದನ್ನ ಎಲ್ಲಿಗ್ ಹಾಕ್ಲಿ ಹೇಳು? ನಿನ್ ತಲೆ ಮ್ಯಾಲ್ ಹಾಕ್ಲಾ? ನಿನ್ ಮಗಳ್ ತಲೆ ಮ್ಯಾಲಾ?"

ಮುಂದಿನ ಭಾನುವಾರ ಅವಳು ಹೊರಡುವಾಗ ಅಮ್ಮ ಬಾಗಿಲಿಗೆ ಕೈ ಅಡ್ಡ ಹಿಡಿದಳು. ಶಶಿರೇಖಾ ಆ ಕೈಯನ್ನು ಮೆಲ್ಲಗೆ ಸರಿಸಿ ಹೋದಳು.

ಸೊಣ್ಣಮ್ಮ ಅಂಗಡಿಯ ಮೇಲಿನ ಒಂದೇ ಕೋಣೆಯಲ್ಲಿದ್ದಳು. ಮಂಡಿ ನೋವಿನಿಂದ ಗೋಡೆಗೊರಗಿ ಕೂತಿದ್ದವಳು, ಬಂದವಳು ಯಾರೆಂದು ತಿಳಿದೊಡನೆ ಸೆರಗು ಸರಿಮಾಡಿಕೊಂಡು ಏಳಹೋದಳು. ಇಷ್ಟು ವರ್ಷದ ಮೇಲೂ ಆ ಮನೆಯವರ ಮುಂದೆ ಅವಳ ಮೈ ತಾನೇ ಕುಗ್ಗುತ್ತಿತ್ತು. ಅದನ್ನು ಕಂಡು ಶಶಿರೇಖಾಳಿಗೆ ಹೇಳುವುದು ಇನ್ನೂ ಕಷ್ಟವಾಯಿತು. ಆದರೂ ಹೇಳಿದಳು. ವೈರು, ಡ್ರಮ್ಮು, ಸಿದ್ದು ಕೇಳಿದ್ದು, ತಾನು ಗೊತ್ತಿಲ್ಲ ಅಂದದ್ದು, ಬಚ್ಚಲ ಒಲೆ, ಎಲ್ಲ.

ಮುದುಕಿಗೆ ಮೊದಲು ಅರ್ಥವಾಗಲಿಲ್ಲ. "ವೈರು ಅಂದ್ರೆ? ಆ ಆಟದ್ ವೈರಾ?" ಎಂದು ಮತ್ತೆ ಕೇಳಿದಳು. ಅರ್ಥವಾದ ಮೇಲೆ ತನ್ನ ಅಂಗೈಗಳನ್ನು ನೋಡಿಕೊಂಡಳು.

"ಜ್ವರ ಬಂದು ಮಲಗ್ದಾಗ ಹೇಳ್ತಿತ್ತಮ್ಮಾ ನನ್ ಮಗ, 'ನಾನ್ ಕರೀಲಿಲ್ಲಮ್ಮ, ನಾನ್ ಕರೀಲಿಲ್ಲ' ಅಂತ. ನಾನು ಬಾಯ್ ಮುಚ್ಚೋ ಅಂತ ಹೊಡ್ದಿದೀನಿ." ಅಷ್ಟು ಹೇಳಿ ಗೋಡೆ ಹಿಡಿದು ಎದ್ದಳು. ಮೂಲೆಯಲ್ಲಿದ್ದ ಚಪ್ಪಲಿ ಕಾಲಿಗೆ ಹಾಕಿಕೊಂಡಳು. "ನಡಿ."

"ಎಲ್ಲಿಗಕ್ಕಾ?"

"ನಿಮ್ಮಮ್ಮನ್ ಹತ್ರ."

ಕೆಂಪರಾಜು ಅಂಗಡಿಯಿಂದ ಹೊರಗೆ ಬರಲಿಲ್ಲ. ತಾಯಿ ಮೆಟ್ಟಿಲು ಇಳಿಯುವುದನ್ನು ನೋಡಿ, ಮತ್ತೆ ಭೂತಗನ್ನಡಿಗೆ ಬಾಗಿದ. ಬಸ್ಸಿನಲ್ಲಿ ಹೆಂಗಸರಿಬ್ಬರೂ ಒಂದೇ ಸೀಟಿನಲ್ಲಿ ಕೂತರು. ಸೊಣ್ಣಮ್ಮ ಇಪ್ಪತ್ತೆರಡು ವರ್ಷದ ಮೇಲೆ ಜಡಿಗೇನಹಳ್ಳಿಗೆ ಕಾಲಿಡುತ್ತಿದ್ದಳು. ಬಸ್ಸಿಳಿದು ಮನೆ ಮುಟ್ಟುವಷ್ಟರಲ್ಲಿ ಅಕ್ಕಪಕ್ಕದ ಹೆಂಗಸರು ಬಾಗಿಲಿಗೆ ಬಂದಿದ್ದರು. ಮುನಿರಾಜ್ ವ್ಯಾನು ತೊಳೆಯುವುದನ್ನು ಬಿಟ್ಟು ಪೈಪು ಹಿಡಿದೇ ನಿಂತ.

ಸೊಣ್ಣಮ್ಮ ಜಗಲಿ ಹತ್ತಲಿಲ್ಲ. ಕೆಳಗೇ ನಿಂತಳು.

"ಮುನಿವೆಂಕಟಕ್ಕಾ, ನಾನ್ ಜಗಳಕ್ ಬಂದಿಲ್ಲ. ನಿನ್ ಮಗಳು ಎಲ್ಲಾ ಹೇಳವ್ಳೆ. ನನ್ ಮಗಂದು ತಪ್ಪಿಲ್ಲ ಅಂತ ಈ ಜನದ್ ಮುಂದೆ ಒಂದ್ ಮಾತ್ ಹೇಳು. ಒಂದೇ ಮಾತು. ಹೊರಟೋಗ್ತೀನಿ."

"ನನ್ ಮಗಳು ಏನೂ ಹೇಳಿಲ್ಲ" ಎಂದಳು ಮುನಿವೆಂಕಟಮ್ಮ. "ತಲೆ ಕೆಟ್ಟೈತೆ ನಿಂಗೆ. ನಿನ್ ಮಗ ನನ್ ಕಂದನ್ನ ತಿನ್ಕೊಂಡ. ಹೋಗು ಇಲ್ಲಿಂದ."

ಜನ ಶಶಿರೇಖಾಳ ಕಡೆ ತಿರುಗಿದರು. ಸುಮ್ಮನಿದ್ದರೆ ಎಲ್ಲವೂ ಮೊದಲಿದ್ದ ಹಾಗೇ ಇರುತ್ತಿತ್ತು. ಹೇಗೆ ಸುಮ್ಮನಿರಬೇಕು ಎಂಬುದೂ ಅವಳಿಗೆ ಚೆನ್ನಾಗಿ ರೂಢಿಯಾಗಿತ್ತು.

"ನಾನ್ ಹೇಳಿದ್ದು ನಿಜ" ಎಂದಳು. "ಅವರ ಆಟದ್ ವೈರ್ ನಾನ್ ಬಚ್ಚಿಟ್ಟೆ. ಆಡಕ್ಕಿಲ್ದೆ ಹೊಂಡಕ್ ಹೋದ್ರು. ಹೋಗಣ ಅಂದಿದ್ದು ಸಿದ್ದೂನೇ. ಕೆಂಪ ಸುಳ್ಳು ಹೇಳಿರ್ಲಿಲ್ಲ."

ಮುನಿವೆಂಕಟಮ್ಮ ಜಗಲಿಯಿಂದ ಇಳಿದು ಬಂದು ಮಗಳ ಕೆನ್ನೆಗೆ ಹೊಡೆದಳು. ಒಂದೇ ಏಟು. ಆಮೇಲೆ ಒಳಗೆ ಹೋಗಿ ಅಗುಳಿ ಹಾಕಿಕೊಂಡಳು. ಸೊಣ್ಣಮ್ಮ ಮುಚ್ಚಿದ ಬಾಗಿಲಿಗೆ ಬೆನ್ನು ತಿರುಗಿಸಿದಳು. "ನೀನೂ ಇನ್ ನಮ್ ಕಡೆ ಬರಬ್ಯಾಡ ಕಣಮ್ಮ" ಎಂದು ಶಶಿರೇಖಾಳಿಗೆ ಹೇಳಿ, ಕುಂಟುತ್ತ ಬಸ್ ಸ್ಟಾಪಿನ ಕಡೆ ಹೋದಳು. ಯಾರೂ ಅವಳಿಗೆ ನೀರು ಕೊಡಲಿಲ್ಲ.

ಮುನ್ನೂರು ಕೇಬಲ್ಲು ಶ್ರಾವಣದ ಹೊತ್ತಿಗೆ ತಯಾರಾದವು. ಅಮರ್ ಬೋರ್ಡಿನ ಪಿನ್ನು ಬದಲಿಸಿ ಕೊಟ್ಟ, ಮುನ್ನೂರನ್ನೂ ಅವಳೇ ಟೆಸ್ಟ್ ಮಾಡಿದಳು. ಮಾಲು ತೆಗೆದುಕೊಂಡು ಹೋಗಲು ಕೆಂಪರಾಜುವೇ ಬಂದ. ಸೆಕ್ಯೂರಿಟಿ ಗೇಟಿನ ಬಳಿ ಡಬ್ಬ ಕೊಡುವಾಗ ಅವಳು ಕೇಳಿದಳು: "ಅಮ್ಮ ಹೆಂಗವ್ರೆ?"

"ಅಳ್ತಾವಳೆ. ತಟ್ಟೆ ಮುಂದೆ ಕೂತ್ರೆ ಸಾಕು, ಬಂದು ತಲೆ ಸವರ್ತಾಳೆ." ಅವನು ಡಬ್ಬವನ್ನು ಗಾಡಿಯ ಹಿಂದಕ್ಕೆ ಕಟ್ಟುತ್ತಿದ್ದ. "ಚಿಕ್ಕೋನಿದ್ದಾಗ ಅದಕ್ಕೇ ಸಾಯ್ತಿದ್ದೆ. ಈಗ ಮುಟ್ಟಿದ್ರೆ ಮೈ ಉರಿಯುತ್ತೆ. ತಟ್ಟೆ ಬಿಟ್ಟು ಎದ್ಬಿಡ್ತೀನಿ." ಹಗ್ಗದ ಗಂಟು ಬಿಗಿದು, ಗಾಡಿ ಹತ್ತಿ, ಹೋಗಿ ಬರ್ತೀನಿ ಅನ್ನದೆ ಹೊರಟ.

ಊರಿನಲ್ಲಿ ಮಾತು ಬೇರೆ ದಾರಿ ಹಿಡಿದಿತ್ತು. ಅಕ್ಕನೇ ತಮ್ಮನನ್ನು ಹೊಂಡಕ್ಕೆ ಕಳಿಸಿದಳಂತೆ, ಆಸ್ತಿಗೋಸ್ಕರವಂತೆ, ಅದಕ್ಕೇ ಮನೆ ಅಳಿಯನನ್ನು ತಂದುಕೊಂಡಳಂತೆ. ಕೆಂಪರಾಜುವಿನ ಬಗ್ಗೆ ಆಡಿಕೊಂಡಿದ್ದ ಬಾಯಿಗಳೇ ಇದನ್ನೂ ಆಡಿದವು. ಮುನಿರಾಜ್ ಇದರ ಬಗ್ಗೆ ಒಂದು ಮಾತೂ ಎತ್ತಲಿಲ್ಲ. ಆದರೆ ವ್ಯಾನಿಗೆ ಮಕ್ಕಳನ್ನು ಕಳಿಸುವುದನ್ನು ಎರಡು ಮನೆಯವರು ನಿಲ್ಲಿಸಿದರು. ಮುನಿವೆಂಕಟಮ್ಮ ಹಿತ್ತಲಲ್ಲಿ ಬೇರೆ ಒಲೆ ಹೂಡಿಕೊಂಡು ತನಗೆ ಬೇಕಾದ ಒಂದು ಮುದ್ದೆ ತಾನೇ ಬೇಯಿಸಿಕೊಳ್ಳತೊಡಗಿದಳು. ಮಹಾಲಯ ಅಮಾವಾಸ್ಯೆಯ ದಿನ ಸಿದ್ದುವಿಗೆ ಎಡೆ ಇಡುವಾಗ, ಮಗಳು ತಂದ ಹೂವನ್ನು ಪಕ್ಕಕ್ಕಿಟ್ಟು, ಮೊಮ್ಮಗಳ ಕೈಯಲ್ಲಿ ಬೇರೆ ತರಿಸಿದಳು.

ಮಾರನೆಯ ಬೆಳಗ್ಗೆ ಶಶಿರೇಖಾ ಕೆಲಸಕ್ಕೆ ಹೊರಡುತ್ತಿದ್ದಳು. ಸಿಂಚನ ಯೂನಿಫಾರ್ಮ್ ಹಾಕಿಕೊಂಡು, ಜಡೆ ಹೆಣೆಸಿಕೊಳ್ಳದೆ ಬಾಗಿಲಲ್ಲಿ ನಿಂತಿತ್ತು.

"ಅಮ್ಮ, ನೀನು ವೈರ್ ಕೊಟ್ಟಿದ್ರೆ ಮಾಮ ಬದುಕಿರ್ತಿದ್ನಾ?"

ಯಾರು ಹೇಳಿದರು ಎಂದು ಕೇಳಬೇಕೆನಿಸಿತು. ಮಕ್ಕಳಿಗೆ ಹೇಳುವ ಮಾತು ಹತ್ತಾರು ಇದ್ದವು: ದೇವರ ಆಟ, ಹಣೆಬರಹ, ದೊಡ್ಡವಳಾದ ಮೇಲೆ ಹೇಳ್ತೀನಿ. ಶಶಿರೇಖಾ ಊಟದ ಡಬ್ಬಿಯನ್ನು ಕೆಳಗಿಟ್ಟು ಮಗಳ ಮುಂದೆ ಕುಕ್ಕರುಗಾಲಲ್ಲಿ ಕೂತಳು.

"ಅವತ್ತು ಬದುಕಿರ್ತಿದ್ದ" ಎಂದಳು.

ಹುಡುಗಿ ಆ ಮಾತನ್ನು ಯೋಚಿಸುತ್ತ ತಾಯಿಯ ಮುಖವನ್ನು ನೋಡಿತು. ಅಮ್ಮನ ಕೈಗೆ ಕೊಡಲೆಂದು ಹಿಡಿದಿದ್ದ ಬಾಚಣಿಗೆಯನ್ನು ಕೊಡದೆ, ಹಿತ್ತಲ ಕಡೆ, ಅಜ್ಜಿಯ ಹತ್ತಿರ ನಡೆದುಕೊಂಡು ಹೋಯಿತು.